ಮಳೆ ಪುಸ್ತಕದ ಪಕ್ಕದಲ್ಲಿ ಉಬ್ಬಸದ ಲೆಕ್ಕ: ಕೊಡಗಿನಲ್ಲಿ ಆಸ್ತಮಾ ಇರುವವರು ದಿನಚರಿ ಬರೆಯುವ ಕ್ರಮ

ಕೊಡಗಿನ ತೋಟದ ಮನೆಗಳಲ್ಲಿ ಮಳೆಗಾಲದ ಬೆಳಿಗ್ಗೆ ತಪ್ಪದೆ ಆಗುವ ಒಂದು ಕೆಲಸ ಇದೆ. ರೈನ್ ಗೇಜ್‌ನ ನೀರನ್ನು ಅಳತೆ ಗ್ಲಾಸಿಗೆ ಸುರಿದು, ‘ಒಂದು ಇಂಚು ನಲವತ್ತು ಸೆಂಟ್’ ಅಂತ ಪುಸ್ತಕದಲ್ಲಿ ಬರೆಯುವುದು. ಆಮೇಲೆ ಪಕ್ಕದ ತೋಟಕ್ಕೆ ಫೋನ್: ‘ನಿಮ್ಮಲ್ಲಿ ಎಷ್ಟು?’ ಅಜ್ಜನ ಕಾಲದ ಮಳೆ ಲೆಕ್ಕವನ್ನೂ ಜೋಪಾನವಾಗಿ ಇಟ್ಟುಕೊಂಡ ಮನೆಗಳಿವೆ. ಅದೇ ಮನೆಯಲ್ಲಿ ಆಸ್ತಮಾ ಇರುವವರನ್ನು ಡಾಕ್ಟರ್ ‘ಉಬ್ಬಸ ಯಾವಾಗ ಜಾಸ್ತಿ?’ ಅಂತ ಕೇಳಿದರೆ ಬರುವ ಉತ್ತರ ಒಂದೇ. ‘ಮಳೆಗಾಲದಲ್ಲಿ, ಡಾಕ್ಟ್ರೇ.’

ಇಲ್ಲಿ ಮಳೆಗಾಲ ಅಂದ್ರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಾಲ್ಕು ತಿಂಗಳು. ಅಷ್ಟರಲ್ಲಿ ಶಾಲೆ ಶುರುವಾಗಿ ಮಕ್ಕಳು ಶೀತ ಹೊತ್ತು ತರುತ್ತಾರೆ. ಗೋಡೆಗೆ ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆಯಲ್ಲಿದ್ದ ಕಂಬಳಿ ಹೊರಗೆ ಬರುತ್ತದೆ. ಬಟ್ಟೆ ಒಣಗಿಸಲು ಒಲೆ ದಿನವಿಡೀ ಉರಿಯುತ್ತದೆ. ಇದರಲ್ಲಿ ನಿಮ್ಮ ಎದೆ ಬಿಗಿ ಮಾಡುತ್ತಿರುವುದು ಯಾವುದು? ಮಳೆ ಬರೆಯುವ ಅದೇ ಕೈ ದಿನಕ್ಕೆ ಎರಡು ಸಾಲು ಉಸಿರಿನ ಲೆಕ್ಕವನ್ನೂ ಬರೆದರೆ, ಉತ್ತರ ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ ಕಾಣಿಸತೊಡಗುತ್ತದೆ. ಹೇಗೆ ಬರೆಯಬೇಕು, ಬರೆದದ್ದನ್ನು ಹೇಗೆ ಓದಬೇಕು ಅನ್ನುವುದು ಈ ಲೇಖನ.

ಬರೆಯಬಾರದ ಹೊತ್ತು

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗುತ್ತಿಲ್ಲ, ತುಟಿ ಅಥವಾ ಉಗುರು ನೀಲಿಯಾಗುತ್ತಿದೆ, ಮಂಪರು ಬರುತ್ತಿದೆ, ಪಂಪ್ (ಇನ್‌ಹೇಲರ್) ತೆಗೆದುಕೊಂಡರೂ ಹತೋಟಿಗೆ ಬರುತ್ತಿಲ್ಲ. ಇವುಗಳಲ್ಲಿ ಒಂದು ಕಂಡರೂ ಪುಸ್ತಕ ಆಚೆಗಿಟ್ಟು 108ಕ್ಕೆ ಫೋನ್ ಮಾಡಿ, ಇಲ್ಲವೇ ಗಾಡಿ ತೆಗೆಯಿರಿ. ಸುಯ್ ಸುಯ್ ಶಬ್ದ ನಿಂತಿತು, ಆದರೆ ಉಸಿರಾಟ ಸುಲಭವಾಗಿಲ್ಲ ಅಂದ್ರೆ ಅದು ಇನ್ನೂ ಅಪಾಯ. ಗಾಳಿ ಒಳಗೆ ಹೋಗುವುದೇ ಕಡಿಮೆಯಾಗಿದೆ ಅಂತ ಅರ್ಥ.

ಗಾಡಿ ಬರುವವರೆಗೆ ನೇರ ಕೂರಿಸಿ, ಮಲಗಿಸಬೇಡಿ. ಉಸಿರು ಬಿಡಿಸುವ ನೀಲಿ ಪಂಪ್ ಅನ್ನು ಸ್ಪೇಸರ್‌ಗೆ, ಅಂದ್ರೆ ಪಂಪ್‌ಗೂ ಬಾಯಿಗೂ ನಡುವೆ ಇಡುವ ಕೊಳವೆಗೆ ಹಾಕಿ ಒಂದೊಂದೇ ಪಫ್ ಕೊಡಿ. ಪ್ರತಿ ಪಫ್‌ಗೆ ನಾಲ್ಕು ಉಸಿರು. ನಾಲ್ಕು ಪಫ್ ಆದ ಮೇಲೆ ನಾಲ್ಕು ನಿಮಿಷ ನೋಡಿ, ಕಡಿಮೆಯಾಗದಿದ್ದರೆ ಮತ್ತೆ ನಾಲ್ಕು. ನಿಮ್ಮ ಡಾಕ್ಟರ್ ಬೇರೆ ಲೆಕ್ಕ ಬರೆದು ಕೊಟ್ಟಿದ್ದರೆ ಅದೇ ಸರಿ.

ನಮ್ಮ ಊರಿನವರಿಗೆ ಇನ್ನೊಂದು ಮಾತು. ಜುಲೈನಲ್ಲಿ ಮರ ಬಿದ್ದು ರಸ್ತೆ ಬಂದ್ ಆಗುತ್ತದೆ, ಕರೆಂಟ್ ಹೋಗುತ್ತದೆ, ಮೊಬೈಲ್ ಸಿಗ್ನಲ್ ಇರುವುದಿಲ್ಲ. ಮೈಸೂರಿನಲ್ಲಿ ಇರುವವರು ಇನ್ನೊಂದು ಗಂಟೆ ನೋಡೋಣ ಅನ್ನಬಹುದು. ಭಾಗಮಂಡಲ, ನಾಪೋಕ್ಲು ಕಡೆಯವರು, ಶಾಂತಳ್ಳಿ ಕಡೆಯವರು ಆ ಒಂದು ಗಂಟೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬಾರದು. ಕತ್ತಲಾಗುವ ಮೊದಲೇ ಹೊರಡಿ.

ಪುಸ್ತಕ ಶುರು ಮಾಡುವುದು

ಮೊಬೈಲ್ ಆ್ಯಪ್‌ಗಳು ಬೇಕಾದಷ್ಟಿವೆ. ನನಗಂತೂ ನೂರು ಪುಟದ ನೋಟ್ ಪುಸ್ತಕವೇ ಮೇಲು. ಡಾಕ್ಟರ್ ಮುಂದೆ ಪುಟ ತಿರುಗಿಸಿ ತೋರಿಸುವುದು ಸುಲಭ, ಕರೆಂಟ್ ಇಲ್ಲದಿದ್ದರೂ ಬರೆಯಬಹುದು. ಪೆನ್ನಿಗೆ ದಾರ ಕಟ್ಟಿ, ಪಂಪ್ ಇಡುವ ಜಾಗದಲ್ಲೇ ಪುಸ್ತಕವನ್ನೂ ಇಡಿ. ಮಳೆ ಪುಸ್ತಕದಲ್ಲೇ ಒಂದು ಅಂಕಣ ಎಳೆದುಕೊಂಡರೂ ಆದೀತು.

ದಿನಕ್ಕೆ ಎರಡು ಸಲ, ಬೆಳಿಗ್ಗೆ ಎದ್ದಾಗ ಮತ್ತು ರಾತ್ರಿ ಮಲಗುವ ಮೊದಲು ಬರೆಯಿರಿ. ಬರೆಯಬೇಕಾದದ್ದು ಇಷ್ಟು:

- ರಾತ್ರಿ ಕೆಮ್ಮು ಅಥವಾ ಉಬ್ಬಸಕ್ಕೆ ಎದ್ದಿರಾ? ಎದ್ದಿದ್ದರೆ ಎಷ್ಟು ಗಂಟೆಗೆ?
- ಕೆಮ್ಮು, ಸುಯ್ ಶಬ್ದ, ಎದೆ ಬಿಗಿತ, ಏದುಸಿರು: ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ
- ಉಸಿರು ಬಿಡಿಸುವ ಪಂಪ್ ಎಷ್ಟು ಪಫ್, ಎಷ್ಟು ಗಂಟೆಗೆ
- ದಿನದ ಪಂಪ್, ಅಂದ್ರೆ ಸ್ಟೆರಾಯ್ಡ್ ಇರುವುದು, ತೆಗೆದುಕೊಂಡಿರಾ: ಒಂದು ಟಿಕ್ ಸಾಕು
- ಉಸಿರಿನ ಜೋರು ಅಳೆಯುವ ಪೀಕ್ ಫ್ಲೋ ಮೀಟರ್ ಇದ್ದರೆ ಬೆಳಿಗ್ಗೆ ಮತ್ತು ಸಂಜೆಯ ಅಂಕಿ
- ಆ ದಿನ ಮಾಡಿದ ಕೆಲಸ, ಮೂಗಿಗೆ ಬಿದ್ದ ಹೊಗೆ ಮತ್ತು ಧೂಳು, ನುಂಗಿದ ಮಾತ್ರೆ, ಶೀತ, ಹವೆ

ಅಂಕ ಕೊಡುವಾಗ ‘ಸ್ವಲ್ಪ’, ‘ಜಾಸ್ತಿ’ ಅಂತ ಬರೆದರೆ ಮುಂದಿನ ತಿಂಗಳು ನಿಮಗೇ ಅರ್ಥವಾಗುವುದಿಲ್ಲ. ದಿನಾ ಮಾಡುವ ಯಾವುದಾದರೂ ಒಂದು ಕೆಲಸವನ್ನು ಅಳತೆಗೋಲು ಮಾಡಿಕೊಳ್ಳಿ. ಗದ್ದೆಯಿಂದ ಮನೆಗೆ ಬರುವ ಏರು ಇದಕ್ಕೆ ಹೇಳಿ ಮಾಡಿಸಿದ್ದು. ಮಾತಾಡುತ್ತಾ ಹತ್ತಿದರೆ 0. ಎದೆ ಬಿಗಿ ಅನಿಸಿತು, ಆದರೆ ನಿಲ್ಲದೆ ಹತ್ತಿದರೆ 1. ನಡುವೆ ಒಂದು ಕಡೆ ನಿಂತು ಸುಧಾರಿಸಿಕೊಂಡರೆ 2. ಹತ್ತಲು ಆಗಲೇ ಇಲ್ಲ, ಅಥವಾ ಮನೆ ತಲುಪಿದ ಮೇಲೂ ಮಾತು ತುಂಡಾಗುತ್ತಿದ್ದರೆ 3. ಪೇಟೆಯಲ್ಲಿ ಇರುವವರು ಮಹಡಿ ಮೆಟ್ಟಿಲನ್ನು ಇಟ್ಟುಕೊಳ್ಳಬಹುದು. ಯಾವುದಾದರೂ ಸರಿ, ದಿನಾ ಅದೇ ಇರಲಿ.

ಕೆಲವರಿಗೆ ಸುಯ್ ಅನ್ನುವುದೇ ಇಲ್ಲ, ಬರೀ ಒಣ ಕೆಮ್ಮು. ಅದೂ ಆಸ್ತಮಾ ಆಗಿರಬಹುದು. ಹಾಗಾಗಿ ಕೆಮ್ಮನ್ನು ಬಿಡದೆ ಬರೆಯಿರಿ.

ಊದಿ ಅಳೆಯುವುದು

ಪೀಕ್ ಫ್ಲೋ ಮೀಟರ್ ಪ್ಲಾಸ್ಟಿಕ್ಕಿನ ಚಿಕ್ಕ ಕೊಳವೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಕರೆಂಟು, ಬ್ಯಾಟರಿ ಯಾವುದೂ ಬೇಡ. ಉಸಿರು ಎಷ್ಟು ಜೋರಾಗಿ ಹೊರಗೆ ಬರುತ್ತದೆ ಅನ್ನುವುದನ್ನು ನಿಮಿಷಕ್ಕೆ ಇಷ್ಟು ಲೀಟರ್ ಅಂತ ತೋರಿಸುತ್ತದೆ. ಎದೆ ಹೇಳುವ ಮೊದಲೇ ಎಷ್ಟೋ ಸಲ ಇದು ಹೇಳುತ್ತದೆ. ವರ್ಷಗಟ್ಟಲೆ ಉಬ್ಬಸ ಇರುವವರಿಗೆ ಬಿಗಿತ ಅಭ್ಯಾಸವಾಗಿ, ‘ನಂಗೇನೂ ಇಲ್ಲ’ ಅನಿಸುತ್ತಿರುತ್ತದೆ ಅಲ್ವಾ, ಅಂಥವರಿಗೆ ಇದು ಬೇಕೇ ಬೇಕು.

ನಿಂತುಕೊಳ್ಳಿ. ಮುಳ್ಳನ್ನು ಸೊನ್ನೆಗೆ ತನ್ನಿ. ಎದೆ ತುಂಬ ಉಸಿರು ಎಳೆದು, ತುಟಿ ಬಿಗಿಯಾಗಿ ಮುಚ್ಚಿ, ಒಂದೇ ಸಲಕ್ಕೆ ಜೋರಾಗಿ ಊದಿ. ಮೂರು ಸಲ ಊದಿ ಹೆಚ್ಚು ಬಂದದ್ದನ್ನು ಬರೆಯಿರಿ. ಮೂರರ ಸರಾಸರಿ ಬೇಡ. ಬೆಳಿಗ್ಗೆ ಪಂಪ್ ತೆಗೆದುಕೊಳ್ಳುವ ಮೊದಲು ಊದಬೇಕು, ಕಾಫಿ ಕುಡಿಯುವ ಮೊದಲೂ ಕೂಡ. ಕಾಫಿಯ ಕೆಫೀನ್ ಶ್ವಾಸನಾಳವನ್ನು ಸ್ವಲ್ಪ ಸಡಿಲಿಸುತ್ತದೆ, ನಾಲ್ಕು ಗಂಟೆಯವರೆಗೂ ಅದರ ಗುಣ ಇರಬಹುದು. ಕಾಫಿ ನಾಡಿನವರು ಇದನ್ನು ಕೇಳಿ ಖುಷಿಪಡುವುದು ಬೇಡ, ಪಂಪ್ ಬದಲಿಗೆ ಬಳಸುವಷ್ಟು ಗುಣ ಅದಕ್ಕಿಲ್ಲ. ಅಂಕಿ ಕೆಡಿಸುವಷ್ಟು ಮಾತ್ರ ಇದೆ.

ಆರೋಗ್ಯ ಚೆನ್ನಾಗಿರುವ ಎರಡು ವಾರ ಊದಿ, ಬಂದ ಅತಿ ಹೆಚ್ಚಿನ ಅಂಕಿಯನ್ನು ಪುಸ್ತಕದ ರಟ್ಟಿನ ಮೇಲೆ ಬರೆದುಕೊಳ್ಳಿ. ಅದು 400 ಅಂತ ಇಟ್ಟುಕೊಳ್ಳೋಣ. 320ಕ್ಕಿಂತ ಮೇಲೆ, ಅಂದ್ರೆ ಶೇ. 80ರ ಮೇಲಿದ್ದರೆ ಹಸಿರು. 200ರಿಂದ 320 ಹಳದಿ, ಡಾಕ್ಟರ್ ಹೇಳಿದ ಬದಲಾವಣೆ ಮಾಡಬೇಕಾದ ಜಾಗ. 200ಕ್ಕಿಂತ ಕೆಳಗೆ ಕೆಂಪು, ಆಸ್ಪತ್ರೆ.

ಬೆಳಿಗ್ಗೆಗೂ ಸಂಜೆಗೂ ಇರುವ ಅಂತರವೂ ಮುಖ್ಯ. ಬೆಳಿಗ್ಗೆ 300, ಸಂಜೆ 380 ಬಂದರೆ ಅಂತರ 80, ಎರಡರ ಸರಾಸರಿ 340. 80 ಅನ್ನುವುದು 340ರ ಶೇ. 23ರಷ್ಟು. ಎರಡು ವಾರದ ಈ ಲೆಕ್ಕದ ಸರಾಸರಿ ದೊಡ್ಡವರಲ್ಲಿ ಶೇ. 10, ಮಕ್ಕಳಲ್ಲಿ ಶೇ. 13 ದಾಟಿದರೆ ಶ್ವಾಸನಾಳ ಇನ್ನೂ ಹತೋಟಿಗೆ ಬಂದಿಲ್ಲ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಸರಿಯಾಗಿ ಊದಲು ಬರುವುದಿಲ್ಲ. ಅವರಿಗೆ ರಾತ್ರಿಯ ಕೆಮ್ಮು ಮತ್ತು ಆಟದ ನಡುವೆ ಬಂದು ಕೂತದ್ದನ್ನು ಬರೆದರೆ ಸಾಕು.

ಪುಟ ಓದುವುದು: ಒಂದೊಂದು ದಾಳಿಗೆ ಒಂದೊಂದು ನಡೆ

ನಾಲ್ಕು ವಾರ ಆದ ಮೇಲೆ ಪುಸ್ತಕ ತೆಗೆದು ಕೂತುಕೊಳ್ಳಿ. ಬೇರೆ ಬಣ್ಣದ ಪೆನ್ನಿನಲ್ಲಿ ಕೆಟ್ಟ ದಿನಗಳಿಗೆ ಗುರುತು ಹಾಕಿ. ಆಮೇಲೆ ಪ್ರತಿ ಗುರುತಿನಿಂದ ಹಿಂದಕ್ಕೆ ಓದಿ, ಅದರ ಹಿಂದಿನ ಎರಡು ಮೂರು ದಿನ ಏನಾಗಿತ್ತು ಅಂತ.

ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬೀಳುವುದು ನಿಧಾನಕ್ಕೆ ಏರುವ ದಾಳಿ. ಪುಟ ಹೀಗಿರುತ್ತದೆ:

ಸೋಮವಾರ: ರಾತ್ರಿ ಎದ್ದಿಲ್ಲ. 380, 390. ಪಂಪ್ ಬೇಕಾಗಲಿಲ್ಲ. ಮೂಗು ಸೋರುತ್ತಿದೆ.
ಮಂಗಳವಾರ: 4 ಗಂಟೆಗೆ ಕೆಮ್ಮು. 350, 370. ಪಂಪ್ 2.
ಬುಧವಾರ: 3.30ಕ್ಕೆ ಎದ್ದೆ. 310, 340. ಪಂಪ್ 4. ಏರಿನಲ್ಲಿ ನಿಂತೆ.
ಗುರುವಾರ: ಎರಡು ಸಲ ಎದ್ದೆ. 270, 300. ಪಂಪ್ 6.

ಇಂಥ ದಾಳಿಗೆ ಸಾಮಾನ್ಯ ಕಾರಣ ಶೀತದ ವೈರಸ್. ಮನೆಯವರು ಹೇಳುವುದು ‘ಗುರುವಾರ ರಾತ್ರಿ ಇದ್ದಕ್ಕಿದ್ದಂತೆ ದಮ್ಮು ಬಂತು’ ಅಂತ. ಪುಸ್ತಕ ಹೇಳುವುದೇ ಬೇರೆ. ಮಂಗಳವಾರವೇ ಶುರುವಾಗಿತ್ತು, ಬುಧವಾರ ಬೆಳಿಗ್ಗೆ 320ರ ಗೆರೆ ದಾಟಿತ್ತು. ಡಾಕ್ಟರ್ ಮೊದಲೇ ‘ಹಳದಿಗೆ ಬಂದರೆ ಇಷ್ಟು ಮಾಡಿ’ ಅಂತ ಬರೆದು ಕೊಟ್ಟಿದ್ದರೆ, ಅದನ್ನು ಮಾಡಬೇಕಾದ ದಿನ ಬುಧವಾರ. ಇಡೀ ದಿನಚರಿಯಿಂದ ಸಿಗುವ ದೊಡ್ಡ ಲಾಭ ಅಂದ್ರೆ ನನ್ನ ಲೆಕ್ಕದಲ್ಲಿ ಈ ಎರಡು ದಿನ.

ಇನ್ನೊಂದು ನಡೆ ಥಟ್ಟನೆ ಬರುವುದು. ಇದರಲ್ಲಿ ಒಂದು ಮೋಸ ಇದೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅಟ್ಟ ಗುಡಿಸಿ, ಹಳೇ ಗೋಣಿಚೀಲ ಕೊಡವಿದಿರಿ ಅಂತಿಟ್ಟುಕೊಳ್ಳಿ. ಸೀನು ಬಂತು, ಎದೆ ಬಿಗಿಯಾಯಿತು, ಎರಡು ಪಫ್‌ಗೆ ಸರಿಹೋಯಿತು. ಸಂಜೆ ಐದಕ್ಕೆ ಮಂಜು ಇಳಿಯುವ ಹೊತ್ತಿಗೆ ಮತ್ತೆ ಉಬ್ಬಸ, ಬೆಳಿಗ್ಗೆಗಿಂತ ಜೋರು. ಬೈಗುಳ ಮಂಜಿಗೆ ಬೀಳುತ್ತದೆ. ಆದರೆ ಅಲರ್ಜಿಯ ಧೂಳು ಒಳಗೆ ಹೋದರೆ ಕೆಲವರಿಗೆ ಎರಡು ಅಲೆ ಬರುತ್ತವೆ. ಮೊದಲನೆಯದು ನಿಮಿಷಗಳಲ್ಲಿ, ಎರಡನೆಯದು ಸುಮಾರು ನಾಲ್ಕರಿಂದ ಎಂಟು ಗಂಟೆ ಬಿಟ್ಟು. ಗಂಟೆ ಬರೆಯಿರಿ ಅಂತ ಮತ್ತೆ ಮತ್ತೆ ಹೇಳುತ್ತಿರುವುದು ಇದಕ್ಕೇ.

ರಾತ್ರಿಯ ನಡೆ ಬೇರೆ. ಆಸ್ತಮಾ ಇರುವವರ ಶ್ವಾಸನಾಳ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಅತಿ ಕಿರಿದಾಗಿರುತ್ತದೆ, ಅದು ದೇಹದ ಗಡಿಯಾರ. ಆದರೆ ಅಂಕಣ ತುಂಬ ರಾತ್ರಿ ಎದ್ದ ಲೆಕ್ಕವೇ ಇದ್ದರೆ ಸುಮ್ನೆ ಗಡಿಯಾರಕ್ಕೆ ಬಿಡಬೇಡಿ. ಹಾಸಿಗೆ, ದಿಂಬು, ಕಂಬಳಿಯಲ್ಲಿ ಧೂಳಿನ ನುಸಿ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತೇವ ಇದ್ದಷ್ಟೂ ಅದು ಬೆಳೆಯುತ್ತದೆ. ಜೂನ್‌ನಲ್ಲಿ ಕಂಬಳಿ ಹೊರಬಂದ ದಿನವನ್ನು ಪುಸ್ತಕದಲ್ಲಿ ಗುರುತು ಮಾಡಿ, ಎದ್ದ ರಾತ್ರಿಗಳು ಆಮೇಲೆ ಹೆಚ್ಚಾದವಾ ನೋಡಿ. ಮಳೆಯಲ್ಲಿ ಅದನ್ನು ಒಗೆದು ಒಣಗಿಸುವುದು ಇಲ್ಲಿ ಆಗುವ ಮಾತಲ್ಲ. ಮೇ ತಿಂಗಳ ಬಿಸಿಲಿರುವಾಗಲೇ ಆ ಕೆಲಸ ಮುಗಿಸಬೇಕು. ನೀರು 55ರಿಂದ 60 ಡಿಗ್ರಿ ಬಿಸಿ ಇರಬೇಕು, ಉಗುರು ಬೆಚ್ಚಗಿನ ನೀರಿಗೆ ನುಸಿ ಸಾಯುವುದಿಲ್ಲ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಬೇಡಿ, ತೇವಕ್ಕೆ ನುಸಿಯೂ ಬೂಷ್ಟೂ ಒಟ್ಟಿಗೆ ಹೆಚ್ಚುತ್ತವೆ. ತಡವಾಗಿ ಹೊಟ್ಟೆ ತುಂಬ ಉಂಡು ಮಲಗಿದ ರಾತ್ರಿಯೇ ಕೆಮ್ಮು, ಜೊತೆಗೆ ಹುಳಿ ತೇಗು ಅಂತಾದರೆ ಅದನ್ನೂ ಬರೆಯಿರಿ. ಹೊಟ್ಟೆಯ ಆಮ್ಲ ಮೇಲೆ ಬರುವುದು ಆಸ್ತಮಾವನ್ನು ಕೆಣಕುತ್ತದೆ.

ಕೆಲಸದ ನಡೆ ನಮ್ಮ ಜಿಲ್ಲೆಗೆ ಮುಖ್ಯವಾದದ್ದು. ಆದರೂ ಕೇಳುವವರೇ ಕಡಿಮೆ. ಹುರಿಯದ ಹಸಿರು ಕಾಫಿ ಬೀಜದ ಧೂಳು ಕೆಲವರಿಗೆ ಅಲರ್ಜಿ ಆಸ್ತಮಾ ತರುತ್ತದೆ ಅನ್ನುವುದು ವೈದ್ಯಶಾಸ್ತ್ರಕ್ಕೆ ಬಹಳ ಹಿಂದಿನಿಂದ ಗೊತ್ತಿದೆ. ಹುರಿದ ಕಾಫಿಯಲ್ಲಿ ಈ ತೊಂದರೆ ಕಡಿಮೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಬಿಡಿಸುವವರು, ಚೀಲ ಹೊರುವವರು, ಕಣದಲ್ಲಿ ಒಣಗಿದ ಚೆರಿ ರಾಶಿ ಮಾಡುವವರು ವಾರದ ಹೆಸರನ್ನು ತಪ್ಪದೆ ಬರೆಯಬೇಕು. ಭಾನುವಾರ ಚೆನ್ನಾಗಿದ್ದು, ಸೋಮವಾರದಿಂದ ಶನಿವಾರದವರೆಗೆ ಅಂಕಿ ಇಳಿಯುತ್ತಾ ಹೋಗಿ, ಹುತ್ತರಿ ರಜೆಯಲ್ಲಿ ಮತ್ತೆ ಏರಿದರೆ ಕಾರಣ ಕೆಲಸದ ಜಾಗದಲ್ಲೇ ಇರಬಹುದು. ಈ ಅನುಮಾನ ಬಂದರೆ ದಿನಕ್ಕೆ ಎರಡು ಸಲ ಊದುವುದು ಸಾಲದು. ಎದ್ದಾಗ, ಕೆಲಸದ ನಡುವೆ, ಕೆಲಸ ಬಿಟ್ಟಾಗ, ಮಲಗುವಾಗ ಹೀಗೆ ಕನಿಷ್ಠ ನಾಲ್ಕು ಸಲ, ಸುಮಾರು ನಾಲ್ಕು ವಾರ, ರಜೆಯ ದಿನಗಳನ್ನೂ ಸೇರಿಸಿ ಬರೆಯಬೇಕು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಇರುವವರಿಗೆ ಬರೆಯಲು ಕಷ್ಟವಾದರೆ ಶಾಲೆಗೆ ಹೋಗುವ ಮಗಳೋ ಮಗನೋ ಬರೆದುಕೊಡಬಹುದು.

ಆಟದ ನಡೆ ಗುರುತಿಸುವುದು ಸುಲಭ. ಓಡುವಾಗ ಬರುವುದಕ್ಕಿಂತ ಓಟ ನಿಲ್ಲಿಸಿ ಐದು, ಹತ್ತು ನಿಮಿಷಕ್ಕೆ ಕೆಮ್ಮು ಜಾಸ್ತಿ. ಡಿಸೆಂಬರ್ ಬೆಳಗಿನ ಒಣ ಚಳಿಯಲ್ಲಿ ಇನ್ನೂ ಹೆಚ್ಚು. ಇದು ಗೊತ್ತಾದ ಕೂಡಲೇ ಮಗುವಿನ ಕೈಯಿಂದ ಹಾಕಿ ಸ್ಟಿಕ್ ಕಿತ್ತುಕೊಳ್ಳಬೇಡಿ, ಕೊಡಗಿನಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಿಧಾನಕ್ಕೆ ಮೈ ಬಿಸಿ ಮಾಡಿಕೊಂಡು ಶುರು ಮಾಡುವುದು, ಆಟಕ್ಕೆ ಮೊದಲು ಪಂಪ್ ಬೇಕಾ ಅಂತ ಡಾಕ್ಟರ್ ಹತ್ತಿರ ಕೇಳುವುದು, ಇಷ್ಟರಿಂದ ಹೆಚ್ಚಿನ ಮಕ್ಕಳು ಆಡುತ್ತಾರೆ.

ಮಾತ್ರೆಯ ನಡೆ ಕಡಿಮೆ ಜನರಿಗೆ, ಆದರೆ ಬಂದರೆ ಜೋರು. ದಿನವಿಡೀ ಕಾಫಿ ಕುಯ್ದು ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆಯಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಅಥವಾ ಆಸ್ಪಿರಿನ್ ಇರಬಹುದು. ಇವು ಆಗದವರಿಗೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಕಟ್ಟಿ ಉಬ್ಬಸ ಶುರುವಾಗುತ್ತದೆ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು, ಗ್ಲುಕೋಮಾಗೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ಕೂಡ ಉಬ್ಬಸ ಎಬ್ಬಿಸಬಹುದು. ಹೆಸರು ನೆನಪಿಲ್ಲದಿದ್ದರೆ ಮಾತ್ರೆಯ ಖಾಲಿ ಹಾಳೆಯನ್ನೇ ಪುಟಕ್ಕೆ ಅಂಟಿಸಿ.

ಹೊಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಚ್ಚಲ ಹಂಡೆಯ ಒಲೆ, ಮಾಂಸ ಒಣಗಿಸುವ ಹೊಗೆ, ಸೊಳ್ಳೆ ಬತ್ತಿ, ಪಟಾಕಿ, ಬೀಡಿ. ಯಾವುದು ಅಂತ ಹೆಸರು ಹಿಡಿದು ಬರೆಯಿರಿ. ಹೆಂಗಸರು ಮುಟ್ಟಿನ ದಿನಗಳನ್ನೂ ಗುರುತು ಮಾಡಿಕೊಳ್ಳಬೇಕು, ಕೆಲವರಿಗೆ ಅದಕ್ಕೆ ಮುಂಚಿನ ವಾರ ಉಬ್ಬಸ ಹೆಚ್ಚುತ್ತದೆ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ‘ಕಾಫಿ ಹೂವಿನ ಘಮಕ್ಕೆ ಆಗಲ್ಲ’ ಅನ್ನುವವರಿದ್ದಾರೆ. ಇರಬಹುದು. ಹೂ ಅರಳಿದ ದಿನ, ಬಾಡಿದ ದಿನ ಬರೆದು, ಅಂಕಿ ಏನು ಹೇಳುತ್ತದೆ ನೋಡಿ.

ತೀರ್ಮಾನಕ್ಕೆ ಆತುರ ಬೇಡ

ಒಂದು ಸಲ ಒಟ್ಟಿಗೆ ಆದದ್ದು ಕಾಕತಾಳೀಯ ಇರಬಹುದು. ಮೂರು ಸಲ ಅದೇ ಕಾರಣದ ಹಿಂದೆ ಅದೇ ದಾಳಿ ಬಂದರೆ ಮಾತ್ರ ನಂಬಿ. ಬದಲಾವಣೆಯನ್ನೂ ಒಂದೊಂದೇ ಮಾಡಿ. ಕಂಬಳಿ ಬದಲಿಸಿ, ಒಲೆ ಹೊರಗೆ ಹಾಕಿ, ನಾಯಿಯನ್ನೂ ಅದೇ ವಾರ ಮನೆಯಿಂದ ಆಚೆ ಕಳಿಸಿದರೆ, ಗುಣ ಕೊಟ್ಟದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಪಾಪ, ನಾಯಿಗೆ ಸುಮ್ನೆ ಶಿಕ್ಷೆ.

ದಿನದ ಪಂಪ್ ಮಾತ್ರ ಪರೀಕ್ಷೆಗಾಗಿ ನಿಲ್ಲಿಸಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಉಸಿರು ಸರಾಗ ಆಗುತ್ತದೆ, ‘ವಾಸಿಯಾಯ್ತು’ ಅಂತ ಪಂಪ್ ಮೂಲೆ ಸೇರುತ್ತದೆ, ಜೂನ್‌ನಲ್ಲಿ ದಾಳಿ. ಸ್ಟೆರಾಯ್ಡ್ ಪಂಪ್ ಪೂರ್ತಿ ಗುಣ ತೋರಿಸಲು ವಾರಗಳೇ ಬೇಕು, ಮಳೆ ಬಿದ್ದ ಮೇಲೆ ಮತ್ತೆ ಶುರು ಮಾಡಿದರೆ ತಡವಾಯಿತು. ಟಿಕ್ ಇಲ್ಲದ ದಿನಗಳನ್ನು ಎಣಿಸಿ ನೋಡಿ, ಎಷ್ಟೋ ಮನೆಗಳಲ್ಲಿ ಕಾರಣ ಅಲ್ಲೇ ಸಿಗುತ್ತದೆ. ಕಕ್ಕಡ ತಿಂಗಳ ಹದಿನೆಂಟರಂದು ಔಷಧಿ ಅಂತ ಮಾಡುವ ಮದ್ದುಸೊಪ್ಪಿನ ಪಾಯಸ ಖಂಡಿತ ತಿನ್ನಿ, ಪಂಪ್ ತೆಗೆದುಕೊಂಡು ತಿನ್ನಿ.

ನೀಲಿ ಪಂಪ್‌ನ ಹೊಸ ಡಬ್ಬಿ ತೆರೆದ ತಾರೀಖನ್ನು ಡಬ್ಬಿಯ ಮೇಲೂ ಪುಸ್ತಕದಲ್ಲೂ ಬರೆಯಿರಿ. 200 ಪಫ್‌ನ ಡಬ್ಬಿ ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾಗುತ್ತಿದ್ದರೆ ಜೋರು ದಾಳಿಯ ಅಪಾಯ ಹೆಚ್ಚು. ತಿಂಗಳಿಗೊಂದು ಖಾಲಿಯಾಗುತ್ತಿದ್ದರೆ ಜೀವಕ್ಕೇ ಅಪಾಯ. ದೊಡ್ಡವರು, ಹದಿಹರೆಯದವರು ಬರೀ ನೀಲಿ ಪಂಪ್ ನಂಬಿಕೊಂಡು ಇರಬಾರದು ಅಂತ ಆಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಕೊಡುವ ಜಿನಾ ಸಂಸ್ಥೆ 2019ರಿಂದ ಹೇಳುತ್ತಿದೆ.

ಡಾಕ್ಟರ್ ಮುಂದೆ

ಒ.ಪಿ.ಯಲ್ಲಿ ಸಿಗುವುದು ಕೆಲವೇ ನಿಮಿಷ. ಇಡೀ ಪುಸ್ತಕ ಓದಲು ಅವರಿಗೆ ಪುರಸೊತ್ತಿಲ್ಲ. ಹಿಂದಿನ ನಾಲ್ಕು ವಾರದ ನಾಲ್ಕು ಪ್ರಶ್ನೆಗೆ ಉತ್ತರ ಮೊದಲ ಪುಟದಲ್ಲಿ ಬರೆದುಕೊಂಡು ಹೋಗಿ. ಹಗಲಲ್ಲಿ ತೊಂದರೆ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬಂತಾ? ರಾತ್ರಿ ಎದ್ದಿರಾ? ನೀಲಿ ಪಂಪ್ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಕಾಯಿತಾ? ಮಾಡಬೇಕಾದ ಕೆಲಸ ಬಿಟ್ಟಿರಾ? ಎಲ್ಲಕ್ಕೂ ‘ಇಲ್ಲ’ ಆದರೆ ಹತೋಟಿಯಲ್ಲಿದೆ. ಒಂದು ಎರಡು ‘ಹೌದು’ ಇದ್ದರೆ ಅರ್ಧ ಹತೋಟಿ. ಮೂರು ನಾಲ್ಕು ಇದ್ದರೆ ಹತೋಟಿ ತಪ್ಪಿದೆ. ಅದರ ಕೆಳಗೆ ನೀವು ಕಂಡುಕೊಂಡ ನಡೆ ಎರಡು ಸಾಲು. ಪಂಪ್ ಜೊತೆಗೆ ಒಯ್ದು, ನೀವು ತೆಗೆದುಕೊಳ್ಳುವ ರೀತಿ ಸರಿಯಿದೆಯಾ ಅಂತ ಅವರ ಮುಂದೆಯೇ ತೋರಿಸಿ.

ಹೋಗಲು ಸರಿಯಾದ ಕಾಲ ಮಳೆಗೆ ಮುಂಚೆ. ಮೇ ತಿಂಗಳ ಮೊದಲ ಮಂಗಳವಾರ ವಿಶ್ವ ಆಸ್ತಮಾ ದಿನ, ಕ್ಯಾಲೆಂಡರ್‌ನಲ್ಲಿ ಅದನ್ನೇ ಗುರುತು ಮಾಡಿಕೊಳ್ಳಿ. ಹಸಿರು, ಹಳದಿ, ಕೆಂಪಿಗೆ ಏನು ಮಾಡಬೇಕು ಅಂತ ಬರೆಸಿಕೊಂಡು, ಒಂದು ಪ್ರತಿ ಗೋಡೆಗೆ, ಒಂದು ಮಗುವಿನ ಶಾಲೆಗೆ ಕೊಡಿ. ವಾಪಸ್ ಬರುವಾಗ ಇನ್ನೊಂದು ನೀಲಿ ಪಂಪ್, ದಿನದ ಪಂಪ್ ಎರಡು ತಿಂಗಳಿಗೆ ಆಗುವಷ್ಟು, ಒಂದು ಸ್ಪೇಸರ್ ತಂದಿಡಿ. ಮನೆಯಲ್ಲಿ ಔಷಧಿಯನ್ನು ಹಬೆಯಂತೆ ಕೊಡುವ ಕರೆಂಟಿನ ನೆಬುಲೈಸರ್ ಇದೆ ಅಂತ ಸ್ಪೇಸರ್ ಬಿಡಬೇಡಿ, ಜುಲೈನಲ್ಲಿ ಮೂರು ದಿನ ಕರೆಂಟ್ ಇಲ್ಲದಾಗ ಕೆಲಸಕ್ಕೆ ಬರುವುದು ಸ್ಪೇಸರೇ.